‘ನಿಂಗೆ ಆಗೇ ಆಗುತ್ತೆ’ ಅನ್ನುವ ಮೊದಲು

ಓದುಗರ ಪ್ರಶ್ನೆ, ಮನೋವೈದ್ಯರ ಉತ್ತರ

ವಿದೇಶದಲ್ಲಿ ವೈದ್ಯಕೀಯ ಓದಿ ಬಂದವರು ಇಲ್ಲಿ ಡಾಕ್ಟರಾಗಲು ಬರೆಯಬೇಕಾದ ಪರೀಕ್ಷೆ ಎಫ್‌ಎಂಜಿಇ. ಹೆಸರಿಗೆ ಜೂನ್ ಮತ್ತು ಡಿಸೆಂಬರ್ ಸೆಷನ್, ಎಷ್ಟೋ ಸಲ ಒಂದು ತಿಂಗಳು ಮುಂದಕ್ಕೆ ಹೋಗುತ್ತದೆ. ಅದು ಹತ್ತಿರ ಬಂತೆಂದರೆ ನನಗೆ ಪತ್ರಗಳು ಶುರುವಾಗುತ್ತವೆ. ಬರೆಯುವವರು ಪರೀಕ್ಷೆಗೆ ಕೂರುವವರಲ್ಲ. ಅವರ ಗೆಳೆಯರು, ಅಕ್ಕ-ತಂಗಿಯರು, ರೂಮ್‌ಮೇಟುಗಳು. ಸುತ್ತಿ ಬಳಸಿ ಎಲ್ಲರೂ ಕೇಳುವುದು ಒಂದೇ: ಧೈರ್ಯ ತುಂಬುವುದು ಹೇಗೆ? ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಗಿದೆ. ಹೊಟ್ಟೆಗೆ ತಿನ್ನಬೇಕು, ಟೈಮ್ ಟೇಬಲ್ ಹಾಕಿಕೊಳ್ಳಬೇಕು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ಅವರಿಗೇ ಗೊತ್ತು.

ಪ್ರಶ್ನೆ: ನನ್ನ ಗೆಳೆಯ ಪಿಯುಸಿಯಿಂದ ಜೊತೆಗಿರುವವನು. ಕಿರ್ಗಿಸ್ತಾನದಲ್ಲಿ ಎಂಬಿಬಿಎಸ್ ಮುಗಿಸಿ ಬಂದ. ಎಫ್‌ಎಂಜಿಇ ಎರಡು ಸಲ ಬರೆದಿದ್ದಾನೆ. ಹೋದ ಸಲ 141 ಬಂತು. ಮೂರನೇ ಸಲಕ್ಕೆ ಇನ್ನು ಮೂರು ವಾರ ಇದೆ. ದಿನಾ ಬೆಳಗ್ಗೆ ಒಂದು ಮೋಟಿವೇಶನ್ ವಿಡಿಯೊ ಕಳಿಸುತ್ತೇನೆ. ‘ನಿಂಗೆ ಆಗೇ ಆಗುತ್ತೆ ಮಗಾ’ ಅನ್ನುತ್ತೇನೆ. ಬ್ಲೂ ಟಿಕ್ ಬರುತ್ತೆ, ಉತ್ತರ ಬರಲ್ಲ. ಏನು ಹೇಳಿದರೆ ಅವನಿಗೆ ಧೈರ್ಯ ಬರುತ್ತೆ?
— ಹೆಸರು ಬೇಡ, ವಿಜಯನಗರ

ಉತ್ತರ: ಮೊದಲು ಆ ವಿಡಿಯೊ ಕಳಿಸುವುದನ್ನು ನಿಲ್ಲಿಸಿ. ಇವತ್ತೇ.

ನಿಮ್ಮ ಪ್ರೀತಿಯ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ‘ಆಗೇ ಆಗುತ್ತೆ’ ಅನ್ನುವ ಮಾತು ಅವನ ಕಿವಿಗೆ ಹೇಗೆ ಬೀಳುತ್ತದೆ ಅಂತ ಯೋಚಿಸಿ. ಎರಡು ಸಲ ಆಗಿಲ್ಲ. ಹೆಚ್ಚಿನ ಸೆಷನ್‌ಗಳಲ್ಲಿ ಬರೆದವರಲ್ಲಿ ನೂರಕ್ಕೆ ಮೂವತ್ತು ಮಂದಿ ಕೂಡ ಪಾಸಾಗುವುದಿಲ್ಲ. ಅದು ಅವನಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಹಾಗಿರುವಾಗ ನೀವು ಕೊಟ್ಟ ಭರವಸೆಯನ್ನು ಉಳಿಸುವ ಭಾರವೂ ಅವನ ಹೆಗಲಿಗೇ ಬೀಳುತ್ತದೆ. ಅಪ್ಪನ ಸಾಲ ಇದೆ, ಊರಿನವರ ಬಾಯಿ ಇದೆ. ಈಗ ಗೆಳೆಯನ ನಂಬಿಕೆಯೂ ಸೇರಿತು.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನಾನು ಎಂ.ಡಿ. ಮಾಡುವಾಗ ಹಾಸ್ಟೆಲಿನ ನನ್ನ ಗೆಳೆಯನೊಬ್ಬ ಒಂದು ದೊಡ್ಡ ಪರೀಕ್ಷೆಗೆ ಕೂತಿದ್ದ. ಹಿಂದಿನ ರಾತ್ರಿ ಅವನ ಬೆನ್ನು ತಟ್ಟಿ, ‘ನಿಂಗೆ ಆಗದೇ ಇದ್ರೆ ಇನ್ಯಾರಿಗೆ ಆಗುತ್ತೆ ಕಣೋ’ ಎಂದೆ. ಆಗಲಿಲ್ಲ. ಅವನು ನನಗೆ ಹೇಳಲೂ ಇಲ್ಲ. ಫೋನ್ ಎತ್ತಲಿಲ್ಲ, ರೂಮು ಖಾಲಿ ಮಾಡಿಕೊಂಡು ಹೋದ. ನಾಲ್ಕು ತಿಂಗಳಾದ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಎದುರಿಗೇ ಸಿಕ್ಕ. ಕೈಯಲ್ಲಿದ್ದ ಬ್ಯಾಗನ್ನು ಕೆಳಗಿಡದೇ ಮಾತಾಡಿದ. ‘ನೀನು ಅಷ್ಟು ನಂಬಿದ್ದೆ. ನಿನ್ನ ಮುಖ ನೋಡೋಕೆ ಆಗ್ಲಿಲ್ಲ’ ಅಂದ. ಮನೆಯವರ ಹತ್ತಿರ, ಗುರುಗಳ ಹತ್ತಿರ ಮುಖ ತೋರಿಸಲು ಕಷ್ಟವಾದರೆ ಅರ್ಥ ಮಾಡಿಕೊಳ್ಳಬಹುದು. ಗೆಳತಿಯ ಹತ್ತಿರವೂ ಕಷ್ಟವಾಗುವ ಹಾಗೆ ಮಾಡಿದವಳು ನಾನು. ಆ ಮಾತನ್ನು ಅವತ್ತಿನಿಂದ ಯಾರಿಗೂ ಹೇಳಿಲ್ಲ.

ಹಾಗಾದರೆ ಏನು ಹೇಳಬೇಕು? ಕಡಿಮೆ ಹೇಳಿ. ‘ಓದು ಎಲ್ಲಿಗೆ ಬಂತು’ ಅಂತ ಕೇಳಬೇಡಿ. ‘ಊಟಕ್ಕೆ ಬರ್ತೀಯಾ, ಅರ್ಧ ಗಂಟೆಯಲ್ಲಿ ವಾಪಸ್ ಬಿಡ್ತೀನಿ’ ಅನ್ನಿ. ಅವನೇ ಪರೀಕ್ಷೆಯ ಮಾತು ತೆಗೆದರೆ ಕೇಳಿಸಿಕೊಳ್ಳಿ. ‘ಭಯ ಆಗ್ತಿದೆ’ ಅಂದರೆ ‘ಆಗುತ್ತೆ ಮತ್ತೆ, ಸಣ್ಣ ಪರೀಕ್ಷೆನಾ ಇದು’ ಅಂದರೆ ಸಾಕು. ಭಯವನ್ನು ಒಪ್ಪಿಕೊಂಡರೆ ಅದು ಜಾಸ್ತಿಯಾಗುವುದಿಲ್ಲ. ‘ಭಯ ಪಡ್ಬೇಡ’ ಅಂದರೆ ಮಾತ್ರ ಮುಂದಿನ ಸಲ ಅವನು ನಿಮ್ಮ ಹತ್ತಿರ ಹೇಳಿಕೊಳ್ಳುವುದಿಲ್ಲ. ಒಂದು ಮಾತನ್ನು ಮಾತ್ರ ಸ್ಪಷ್ಟವಾಗಿ, ಒಂದೇ ಸಲ ಹೇಳಿ: ‘ರಿಸಲ್ಟ್ ಏನೇ ಬರ್ಲಿ, ಅವತ್ತು ಸಂಜೆ ನಾನು ನಿನ್ನ ಜೊತೆ ಇರ್ತೀನಿ.’ ಹೇಳಿದ ಮೇಲೆ ಇರಿ.

ಇನ್ನು ಆ 141ರ ವಿಷಯ. ಒಟ್ಟು 300 ಪ್ರಶ್ನೆ, ಪಾಸಾಗಲು 150 ಬೇಕು. ಅವನಿಗೆ ಕಡಿಮೆ ಬಿದ್ದಿದ್ದು ಒಂಬತ್ತು. ಈ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದರೂ ಪ್ರತಿ ಸಲ ನನ್ನ ಹತ್ತಿರ ಬರುವವರಲ್ಲಿ ಕೆಲವರು ಇಪ್ಪತ್ತು, ಮೂವತ್ತು ಪ್ರಶ್ನೆ ಖಾಲಿ ಬಿಟ್ಟು ಬಂದಿರುತ್ತಾರೆ. ಓದಿಲ್ಲವೆಂದು ಬಿಟ್ಟಿದ್ದಲ್ಲ, ಸಮಯ ಸಾಲದೆ ಬಿಟ್ಟಿದ್ದು. 150 ಪ್ರಶ್ನೆಗೆ 150 ನಿಮಿಷ, ಅಂಥ ಎರಡು ಪಾರ್ಟ್, ಒಂದೇ ದಿನ. ಒಂದು ಕಷ್ಟದ ಪ್ರಶ್ನೆಯ ಮುಂದೆ ನಾಲ್ಕು ನಿಮಿಷ ಕೂತರೆ ಮುಂದಿನ ಮೂರು ಸುಲಭದ ಪ್ರಶ್ನೆ ಕೈಬಿಟ್ಟ ಹಾಗೆ. ಇಲ್ಲಿ ನೀವು ನಿಜವಾಗಿ ಸಹಾಯ ಮಾಡಬಹುದು. ನಿಮಗೆ ವೈದ್ಯಕೀಯ ಗೊತ್ತಿರಬೇಕಾಗಿಲ್ಲ. ಒಂದು ಭಾನುವಾರ ಅವನು ಮಾಕ್ ಟೆಸ್ಟ್ ಬರೆಯುವಾಗ ಪಕ್ಕದಲ್ಲಿ ಕೂತು, ಮೊಬೈಲ್ ಇಸ್ಕೊಂಡು, ಅರ್ಧ ಗಂಟೆಗೊಮ್ಮೆ ಸಮಯ ಹೇಳಿ. ಸಾಧ್ಯವಾದರೆ ಬೆಳಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಎರಡನೇ ಪಾರ್ಟ್ ಹೊತ್ತಿಗೆ ತಲೆ ಎಷ್ಟು ಸುಸ್ತಾಗುತ್ತದೆ ಎಂಬುದು ಹಾಗೆ ಕೂತಾಗಲೇ ಗೊತ್ತಾಗುವುದು. ಎಷ್ಟು ಅಂಕ ಬಂತು ಅಂತ ಮಾತ್ರ ಕೇಳಬೇಡಿ.

ಪರೀಕ್ಷಾ ಕೇಂದ್ರದ ದಾರಿ ನಿಮ್ಮ ಜವಾಬ್ದಾರಿ ಅಂದುಕೊಳ್ಳಿ. ವಿಜಯನಗರದಲ್ಲಿರುವವನಿಗೆ ವೈಟ್‌ಫೀಲ್ಡಿನಾಚೆಯೋ ಹೊಸೂರು ರಸ್ತೆಯ ಕಡೆಯೋ ಸೆಂಟರ್ ಬಿದ್ದರೆ, ನಮ್ಮ ಊರಿನ ಟ್ರಾಫಿಕ್ ಬಗ್ಗೆ ನಾನು ಹೇಳಬೇಕಾಗಿಲ್ಲ ಅಲ್ವಾ? ಅಡ್ಮಿಟ್ ಕಾರ್ಡ್ ಬಂದ ಮೇಲೆ ಒಂದು ದಿನ ಅದೇ ಹೊತ್ತಿಗೆ ಹೊರಟು ಗೇಟ್ ತನಕ ಹೋಗಿ ಬನ್ನಿ. ಪರೀಕ್ಷೆ ಭಾನುವಾರ ಬಿದ್ದರೆ ಮೆಟ್ರೊದ ಮೊದಲ ರೈಲು ಬೇರೆ ದಿನಕ್ಕಿಂತ ತಡ, ಅದನ್ನು ಮೊದಲೇ ನೋಡಿಕೊಳ್ಳಿ. ಗೇಟ್ ಮುಚ್ಚಿದ ಮೇಲೆ ಯಾರ ಕಾಲು ಹಿಡಿದರೂ ಬಿಡುವುದಿಲ್ಲ. ಒಂದು ವರ್ಷದ ಓದು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹೋಗಬಾರದು.

ಎರಡು ಪಾರ್ಟಿನ ನಡುವೆ ಸಿಕ್ಕರೆ ‘ಹೇಗಿತ್ತು’ ಅನ್ನಬೇಡಿ. ನಾನು ತುಂಬಾ ಗಟ್ಟಿಯಾಗಿ ಹೇಳುವ ಮಾತು ಇದು. ಆ ಹೊತ್ತಿಗೆ ಅವನ ಮನಸ್ಸು ತಪ್ಪಾಗಿರಬಹುದಾದ ಐದು ಪ್ರಶ್ನೆಯ ಸುತ್ತಲೇ ತಿರುಗುತ್ತಿರುತ್ತದೆ. ಪಕ್ಕದವರು ಮೊಬೈಲ್ ತೆಗೆದು ಉತ್ತರ ಹುಡುಕಲು ಶುರು ಮಾಡುತ್ತಾರೆ. ಅಲ್ಲಿಂದ ಅವನನ್ನು ಎಬ್ಬಿಸಿಕೊಂಡು ಹೋಗಿ. ಮೊಸರನ್ನವೋ ಎರಡು ಇಡ್ಲಿಯೋ ತಿನ್ನಿಸಿ. ಹೊಸ ಹೋಟೆಲಿನ ಹೊಸ ತಿಂಡಿ ಬೇಡ. ಕ್ರಿಕೆಟ್ ಬಗ್ಗೆ ಮಾತಾಡಿ.

ರಿಸಲ್ಟ್ ದಿನ ಪರೀಕ್ಷೆ ನಡೆಸುವ ಬೋರ್ಡಿನ ವೆಬ್‌ಸೈಟಿನಲ್ಲಿ ರೋಲ್ ನಂಬರ್ ಪಟ್ಟಿ ಹಾಕುತ್ತಾರೆ. ಅವನ ನಂಬರ್ ಗೊತ್ತಿದ್ದರೂ ಅವನಿಗಿಂತ ಮೊದಲು ನೀವು ಹುಡುಕಬೇಡಿ. ಅವನ ಅಕ್ಕನಿಗೆ, ಗ್ರೂಪಿಗೆ ಹೇಳುವುದಂತೂ ಬೇಡವೇ ಬೇಡ. ನನ್ನ ಹತ್ತಿರ ಬಂದ ಒಬ್ಬ ಹುಡುಗಿಗೆ ತಾನು ಫೇಲಾಗಿದ್ದು ಗೊತ್ತಾಗಿದ್ದು ‘ಬೇಜಾರ್ ಮಾಡ್ಕೋಬೇಡ’ ಎಂಬ ಹನ್ನೊಂದು ಮೆಸೇಜಿನಿಂದ. ಅವಳು ಇನ್ನೂ ಪಟ್ಟಿಯನ್ನೇ ತೆರೆದಿರಲಿಲ್ಲ.

ಆಗಲಿಲ್ಲ ಅಂದರೆ? ಎಷ್ಟು ಸಲ ಬರೆಯಬಹುದು ಎಂಬುದಕ್ಕೆ ಮಿತಿ ಇಲ್ಲ. ಆದರೆ ಅವತ್ತೇ ‘ಇನ್ನೊಂದು ಸಲ ಬರಿ’ ಅನ್ನಬೇಡಿ. ಒಂದು ವಾರ ಬಿಡಿ. ಆ ವಾರದಲ್ಲಿ ಕಣ್ಣಿಟ್ಟಿರಿ. ಪುಸ್ತಕ, ಲ್ಯಾಪ್‌ಟಾಪು ಎಲ್ಲ ಹಂಚುತ್ತಿದ್ದಾನಾ? ‘ನಾನು ಇಲ್ದಿದ್ರೆ ಅಪ್ಪನಿಗೆ ಇಷ್ಟು ಖರ್ಚೇ ಇರ್ತಿರ್ಲಿಲ್ಲ’ ಅನ್ನುತ್ತಿದ್ದಾನಾ? ಹಾಗಿದ್ದರೆ ನೇರವಾಗಿ ಕೇಳಿ: ‘ಸಾಯಬೇಕು ಅನ್ನೋ ಯೋಚನೆ ಬರ್ತಿದೆಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಎಂಬುದು ಸುಳ್ಳು. ಕೇಳದೇ ಇರುವುದರಿಂದಲೇ ಅನಾಹುತ. ‘ಹೌದು’ ಅಂದರೆ ಒಬ್ಬನನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಹಗಲೂ ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಇಲ್ಲವೇ ನೇರ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ, ರಾತ್ರಿ ಎರಡು ಗಂಟೆಯಾದರೂ ಸರಿ. ಡಾಕ್ಟರಾಗಲು ಹೊರಟವರು ತಮಗೆ ಕಷ್ಟ ಇದೆ ಎಂದು ಹೇಳಿಕೊಳ್ಳಲು ಬೇರೆಯವರಿಗಿಂತ ಜಾಸ್ತಿ ನಾಚುತ್ತಾರೆ. ಅದಕ್ಕೇ ಜೊತೆಗೆ ಹೋಗುವವರು ಬೇಕು.

ಪ್ರಶ್ನೆ: ಜ್ಞಾಪಕಶಕ್ತಿ ಸಿರಪ್ ಈಗ ಶುರು ಮಾಡಿದರೆ ಪರೀಕ್ಷೆ ಹೊತ್ತಿಗೆ ಕೆಲಸ ಮಾಡುತ್ತಾ?
— ಬಸವನಗುಡಿ

ಉತ್ತರ: ಇಲ್ಲ. ಆ ದುಡ್ಡಿಗೆ ಒಳ್ಳೆಯ ದಿಂಬು ತಂದುಕೊಡಿ, ನಿದ್ದೆಯಲ್ಲೇ ಓದಿದ್ದು ಗಟ್ಟಿಯಾಗುವುದು.

ಪ್ರಶ್ನೆ: ರೂಮ್‌ಮೇಟ್ ಪರೀಕ್ಷೆ ದಿನ ಕೈ ನಡುಗದಿರಲಿ ಎಂದು ಯಾರೋ ಸೀನಿಯರ್ ಕೊಟ್ಟ ಪ್ರೊಪ್ರನಲಾಲ್ ಇಟ್ಟುಕೊಂಡಿದ್ದಾಳೆ. ರಾತ್ರಿ ನಿದ್ದೆ ಬರಲೆಂದು ಆಲ್‌ಪ್ರಜೊಲಾಮ್ ಬೇರೆ. ಪರವಾಗಿಲ್ಲವಾ?
— ಮಲ್ಲೇಶ್ವರ

ಉತ್ತರ: ಪರವಾಗಿಲ್ಲ ಅನ್ನುವ ಹಾಗೇ ಇಲ್ಲ! ಇದು ನನಗೆ ಕೋಪ ತರಿಸುವ ವಿಷಯ. ಆಸ್ತಮಾ ಇರುವವರು ಪ್ರೊಪ್ರನಲಾಲ್ ತೆಗೆದುಕೊಂಡರೆ ಉಸಿರೇ ಕಟ್ಟಬಹುದು. ಬಿಪಿ, ನಾಡಿ ಬಡಿತ ಇಳಿದು ತಲೆ ಸುತ್ತಬಹುದು. ಆಲ್‌ಪ್ರಜೊಲಾಮ್ ಮರುದಿನವೂ ಮಂಪರು ಉಳಿಸುತ್ತದೆ, ನೆನಪನ್ನೇ ಮಂಕು ಮಾಡುತ್ತದೆ. ವರ್ಷವಿಡೀ ಓದಿದ್ದನ್ನು ಮರೆಯಲು ಮಾತ್ರೆ ನುಂಗುವುದಾ? ಎಚ್ಚರವಾಗಿರಲು ಮಾತ್ರೆ ಮಾರುವ ಮೆಡಿಕಲ್ ಸ್ಟೋರಿನವರಿಗೂ, ಫಾರ್ಮಕಾಲಜಿ ಓದಿಯೂ ಇದನ್ನು ಹಂಚುವ ಸೀನಿಯರುಗಳಿಗೂ ಇದೇ ಉತ್ತರ. ನಿಜವಾಗಿ ಅಷ್ಟು ಕೈ ನಡುಗುತ್ತಿದ್ದರೆ ಈ ವಾರವೇ ಡಾಕ್ಟರನ್ನು ನೋಡಲಿ. ಔಷಧ ಬೇಕೋ ಬೇಡವೋ, ಎಷ್ಟು ಬೇಕು ಎಂಬುದನ್ನು ಪರೀಕ್ಷಿಸಿದವರು ಹೇಳಬೇಕು.

ಪ್ರಶ್ನೆ: ಟೆಲಿಗ್ರಾಂನಲ್ಲಿ ಪೇಪರ್ ಸಿಗುತ್ತಂತೆ. ತಮ್ಮನಿಗೆ ತೆಗೆಸಿಕೊಡಲಾ?
— ಹೆಸರು, ಊರು ಬೇಡ

ಉತ್ತರ: ದುಡ್ಡು ಹೋಗುತ್ತದೆ, ಚಾನೆಲ್ ಮಾಯವಾಗುತ್ತದೆ, ಸಿಕ್ಕಿಬಿದ್ದರೆ ತಮ್ಮನ ಭವಿಷ್ಯವೂ ಹೋಗುತ್ತದೆ. ಅಣ್ಣನಾಗಿ ಈ ಪ್ರಶ್ನೆ ಕೇಳಬಾರದಿತ್ತು.

ಪ್ರಶ್ನೆ: ಫಾರಿನ್‌ನಲ್ಲಿ ಓದಿದವರು ನಿಜವಾದ ಡಾಕ್ಟರುಗಳೇ ಅಲ್ಲ ಎಂದು ನಮ್ಮ ಚಿಕ್ಕಪ್ಪ ನನ್ನ ಮಗಳ ಎದುರಿಗೇ ಹೇಳುತ್ತಾರೆ. ಏನು ಹೇಳಲಿ?
— ಯಲಹಂಕ

ಉತ್ತರ: ಈ ಪರೀಕ್ಷೆ ಪಾಸಾಗಿ, ಇಂಟರ್ನ್‌ಶಿಪ್ ಮುಗಿಸಿದ ಮೇಲೆ ನಿಮ್ಮ ಮಗಳ ಹೆಸರು ಸೇರುವುದು ನನ್ನ ಹೆಸರಿರುವ ಅದೇ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲಿ. ಚಿಕ್ಕಪ್ಪನಿಗೆ ಅದನ್ನು ಹೇಳಿ. ಕೇಳದಿದ್ದರೆ ಪರೀಕ್ಷೆ ಮುಗಿಯುವ ತನಕ ಮನೆಗೆ ಕರೆಯಬೇಡಿ. ಕೊರೊನಾ ಕಾಲದಲ್ಲಿ ಮೊಬೈಲ್ ಪರದೆ ನೋಡಿ ಪಾಠ ಕಲಿತವರು, 2022ರಲ್ಲಿ ಯುದ್ಧದ ನಡುವೆ ಉಕ್ರೇನಿನಿಂದ ಒಂದು ಬ್ಯಾಗು ಹಿಡಿದು ಬಂದವರು, ಇವರನ್ನೆಲ್ಲ ನಾನು ನೋಡಿದ್ದೇನೆ. ಅವರ ಕಲಿಕೆಯಲ್ಲಿ ಕೊರತೆ ಇದ್ದರೆ ಅದನ್ನು ಅಳೆಯಲು ಪರೀಕ್ಷೆ ಇದೆ. ಊಟದ ಎಲೆ ಮುಂದೆ ಕೂರಿಸಿ ಅಳೆಯುವುದು ಬೇಡ.

ಪ್ರಶ್ನೆ: ಗೆಳತಿಯ ಪರೀಕ್ಷೆ ದಿನ ನಾನು ಸೆಂಟರಿನ ಹೊರಗೆ ಕಾಯಬೇಕಾ, ಅವಳಿಗೆ ಒತ್ತಡ ಆಗುತ್ತಾ?
— ಬನಶಂಕರಿ

ಉತ್ತರ: ಮೊದಲು ಅವಳನ್ನೇ ಕೇಳಿ. ‘ಬೇಡ’ ಅಂದರೆ ಬೇಜಾರು ಮಾಡಿಕೊಳ್ಳದೆ ಮನೆಗೆ ಹೋಗಿ. ‘ಇರು’ ಅಂದರೆ ಗೇಟಿಗೆ ಸ್ವಲ್ಪ ದೂರದಲ್ಲಿ, ನೆರಳಿರುವ ಕಡೆ ಇರಿ. ಫೋನು, ವಾಚು ಒಳಗೆ ಬಿಡುವುದಿಲ್ಲ. ಎಲ್ಲಿಡುವುದು ಎಂದು ಕೊನೇ ಗಳಿಗೆಯಲ್ಲಿ ಪರದಾಡುವವರನ್ನು ಪ್ರತಿ ಸಲ ನೋಡುತ್ತೇನೆ. ಅವನ್ನು ನೀವು ಇಸ್ಕೊಳ್ಳಿ. ಅಡ್ಮಿಟ್ ಕಾರ್ಡ್, ಗುರುತಿನ ಚೀಟಿ ಅವಳ ಕೈಯಲ್ಲಿದೆಯಾ ನೋಡಿ ಕಳಿಸಿ. ಅವಳ ಫೋನಿಗೆ ಮನೆಯಿಂದ ಕರೆ ಬಂದರೆ ನೀವೇ ಎತ್ತಿ, ‘ಒಳಗೆ ಹೋದ್ಲು ಆಂಟಿ, ತಿಂಡಿ ತಿಂದೇ ಹೋದ್ಲು’ ಅಂತ ಹೇಳಿ.