ಪೊರಕೆ ಕಂಡರೆ ಓಡುವ ನಾಯಿಗೆ ಯಾವ ಮನೆ?

ಪತ್ರ: ಸಂಪಾದಕರಿಗೆ ನಮಸ್ಕಾರ. ಮಳೆಗಾಲದ ಶುರುವಿನಲ್ಲಿ ಮಂಡಗದ್ದೆ ಹತ್ತಿರ ರಸ್ತೆ ಬದಿಯಲ್ಲಿ ಸಿಕ್ಕ ಹೆಣ್ಣುನಾಯಿಯನ್ನು ಮನೆಗೆ ತಂದಿದ್ದೆ. ಕುತ್ತಿಗೆಯಲ್ಲಿ ತಂತಿ ಕೊರೆದ ಗಾಯವಿತ್ತು, ಈಗ ಮಾಗಿದೆ. ಆದರೆ ಗಂಡಸರ ದನಿ ಕೇಳಿದರೆ, ಯಾರಾದರೂ ಪೊರಕೆ ಎತ್ತಿದರೆ ಬಚ್ಚಲುಮನೆಯ ಸೌದೆ ಸಂದಿಗೆ ನುಗ್ಗುತ್ತದೆ. ನನಗೆ ವರ್ಗವಾಗಿದೆ, ಹೊಸ ಬಾಡಿಗೆ ಮನೆಯಲ್ಲಿ ನಾಯಿ ಕೂಡದಂತೆ. ಮೂರು ಕಡೆಯಿಂದ ಕೇಳಿದ್ದಾರೆ. ಶಿವಮೊಗ್ಗದ ಒಂದು ಕುಟುಂಬ, ಇಬ್ಬರು ಚಿಕ್ಕ ಮಕ್ಕಳು, ನಾಯಿಯೆಂದರೆ ಪ್ರಾಣ. ಕೊಪ್ಪದ ಕಡೆಯ ತೋಟದವರಿಗೆ ಮಂಗ ಓಡಿಸಲು ನಾಯಿ ಬೇಕಂತೆ. ಸಾಗರದ ಹತ್ತಿರದ, ಅಡಿಕೆ ತೋಟವಿರುವ ವಯಸ್ಸಾದ ದಂಪತಿ ‘ನೋಡೋಣ’ ಅಂದರು, ಅದು ರಾತ್ರಿ ಎಲ್ಲಿ ಮಲಗುತ್ತೆ ಎಂದು ಕೇಳಿದರು. ಯಾರಿಗೆ ಕೊಡಲಿ? ಕೊಟ್ಟ ಮೇಲೆ ಹೋಗಿ ನೋಡಬಹುದೆ?
– ಒಬ್ಬ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೇಡಂ, ನನ್ನ ವೋಟು ಸಾಗರದವರಿಗೆ. ‘ನೋಡೋಣ’ ಅಂದಿದ್ದಕ್ಕೆ ನೀವು ಸ್ವಲ್ಪ ಬೇಜಾರಾದ ಹಾಗಿದೆ. ನನಗಂತೂ ಆ ಮಾತೇ ಹಿಡಿಸಿತು. ಅಂಜುಬುರುಕ ನಾಯಿಯನ್ನು ಕುಣಿದಾಡಿಕೊಂಡು ಒಯ್ದವರೇ ತಿಂಗಳೊಳಗೆ ‘ಇದು ಹತ್ತಿರಕ್ಕೇ ಬರಲ್ಲ’ ಅಂತ ವಾಪಸು ತರುವುದು.

ಕೊಪ್ಪದವರಿಗೆ ಬೇಡ ಎಂದುಬಿಡಿ. ಅವರ ಕಷ್ಟ ಸುಳ್ಳಲ್ಲ, ಮಂಗಗಳು ಬಾಳೆ, ಏಲಕ್ಕಿ ಯಾವುದನ್ನೂ ಉಳಿಸುವುದಿಲ್ಲ. ಆದರೆ ಮಂಗ ಓಡಿಸುವ ಕಡೆ ಗರ್ನಾಲು ಪಟಾಕಿ ಇದ್ದೇ ಇರುತ್ತದೆ. ಮೊದಲನೇ ಸದ್ದಿಗೇ ನಿಮ್ಮ ನಾಯಿ ಕಾಡು ಸೇರುತ್ತದೆ.

ಶಿವಮೊಗ್ಗದ ಮನೆಯವರು ಒಳ್ಳೆಯವರೇ ಇರಬಹುದು, ಮಕ್ಕಳೂ ಒಳ್ಳೆಯವೇ. ಆದರೆ ಮಕ್ಕಳು ಪ್ರೀತಿ ಬಂದರೆ ತಬ್ಬಿಕೊಳ್ಳುತ್ತವೆ, ಈ ನಾಯಿಗೆ ತಬ್ಬುವುದೂ ಹಿಡಿಯುವುದೂ ಒಂದೇ. ಹೆದರಿದ ನಾಯಿ ಕಚ್ಚುವ ಮೊದಲು ಹೇಳುತ್ತದೆ: ಮುಖ ಆಚೆ ತಿರುಗಿಸುತ್ತದೆ, ಬರಿದೇ ತುಟಿ ನೆಕ್ಕುತ್ತದೆ, ನಿದ್ದೆಯಿಲ್ಲದಿದ್ದರೂ ಆಕಳಿಸುತ್ತದೆ, ಕಣ್ಣಿನ ಬಿಳಿ ಕಾಣಿಸುತ್ತದೆ. ಐದಾರು ವರ್ಷದ ಮಗುವಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಕಚ್ಚಿದರೆ ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಓಡಬೇಕು, ನಾಯಿಗೆ ಲಸಿಕೆ ಆಗಿದ್ದರೂ ಸರಿ. ಆಮೇಲೆ ಆ ನಾಯಿಯನ್ನು ಆ ಮನೆಯಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ. ಇದರ ಮೇಲೆ ಪೇಟೆಯ ಗಣಪತಿ ಮೆರವಣಿಗೆ, ದೀಪಾವಳಿ ಪಟಾಕಿ ಬೇರೆ.

ಸಾಗರದವರಿಗೆ ಏನನ್ನೂ ಮುಚ್ಚಿಡಬೇಡಿ. ನಾಯಿಮರಿ ಸುಮಾರು 3ರಿಂದ 14 ವಾರದೊಳಗೆ ಯಾರನ್ನು ನೋಡಿ, ಯಾವ ಸದ್ದು ಕೇಳಿ ಬೆಳೆಯುತ್ತದೋ ಅದಕ್ಕೆ ಹೊಂದಿಕೊಳ್ಳುತ್ತದೆ. ಆ ಕಾಲದಲ್ಲಿ ಇದು ಏನು ಕಂಡಿತ್ತೋ ಯಾರಿಗೆ ಗೊತ್ತು. ಮುಂದೆ ಎಷ್ಟೋ ಸುಧಾರಿಸುತ್ತದೆ, ಆದರೆ ನೆಂಟರ ಎದುರು ಬಾಲ ಅಲ್ಲಾಡಿಸಿಕೊಂಡು ನಿಲ್ಲುವ ನಾಯಿ ಆಗದೆಯೂ ಇರಬಹುದು. ಪತ್ರದ ಜೊತೆ ನೀವು ಕಳಿಸಿದ ಫೋಟೋದಲ್ಲಿ ಸೌದೆ ರಾಶಿಯ ಹಿಂದಿನಿಂದ ಒಂದು ಕಿವಿ, ಅರ್ಧ ಕಣ್ಣು ಬಿಟ್ಟರೆ ಏನೂ ಇಲ್ಲ. ಅವರಿಗೂ ಅದನ್ನೇ ಕಳಿಸಿ. ನೋಡಿದ ಮೇಲೂ ಬೇಕು ಅಂದರೆ ಮುಂದಿನ ಮಾತು.

ಲಸಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆ ನಿಮ್ಮಲ್ಲಿರುವಾಗಲೇ ಆಗಲಿ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಆಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಹೊಲಿಗೆಯ ನೋವು ಹೊತ್ತುಕೊಂಡು ಹೊಸ ಮನೆ ಸೇರಿದರೆ ಆ ನೋವಿಗೂ ಹೊಸಬರ ಮುಖಕ್ಕೂ ನಂಟು ಕಟ್ಟಿಕೊಳ್ಳುತ್ತದೆ. ಮೈಗೆ ಕಚ್ಚಿ ರಕ್ತ ಹೀರುವ ಉಣುಗಿಗೂ ಔಷಧಿ ಕೇಳಿ, ತೋಟ ತಿರುಗುವ ನಾಯಿಗೆ ಅದು ತಪ್ಪಿದ್ದಲ್ಲ.

ಸಾಧ್ಯವಾದರೆ ಅಡಿಕೆ ಕೊಯ್ಲಿಗೆ ಮುಂಚೆಯೇ ಕಳಿಸಿ. ಮರದಿಂದ ಅಡಿಕೆ ಗೊನೆ ಇಳಿಯಲು ಶುರುವಾಯಿತೆಂದರೆ ಸುಲಿಯುವವರು, ಬೇಯಿಸುವವರು, ರಾತ್ರಿಯವರೆಗೆ ಅಂಗಳ ತುಂಬ ಜನ. ಅಷ್ಟರಲ್ಲಿ ಮನೆಯ ಇಬ್ಬರಾದರೂ ಅದಕ್ಕೆ ಪರಿಚಯವಾಗಿರಬೇಕು.

ಮೊದಲ ದಿನಗಳಲ್ಲೇ ಇಂಥ ನಾಯಿ ತಪ್ಪಿಸಿಕೊಳ್ಳುವುದು ಜಾಸ್ತಿ. ನಮ್ಮ ಕಡೆಯ ಉಣುಗೋಲು, ಅಂದರೆ ಅಡ್ಡಗೋಲಿನ ಗೇಟು, ದನವನ್ನೇನೋ ತಡೆದೀತು, ನಾಯಿ ಸಲೀಸಾಗಿ ನುಸುಳುತ್ತದೆ. ಹೊರಗೆ ಬಿಡುವಾಗ ಎದೆಗೆ ಹಾಕುವ ಬೆಲ್ಟು, ಉದ್ದ ಹಗ್ಗ ಇರಲಿ. ಕುತ್ತಿಗೆಗೆ ಮಾತ್ರ ಏನೂ ಬೇಡ, ತಂತಿಯ ನೆನಪು ಅಲ್ಲೇ ಇದೆ. ರಾತ್ರಿ ಬಾಗಿಲು ಹಾಕುವ ಜಾಗದಲ್ಲೇ ಮಲಗಲಿ, ಅಂಗಳದ ನಾಯಿಯನ್ನು ಚಿರತೆ ಒಯ್ಯುವುದು ನಮಗೇನೂ ಹೊಸತಲ್ಲ.

ಉಳಿದದ್ದೆಲ್ಲ ಏನೂ ಮಾಡದೆ ಇರುವ ಕೆಲಸ. ಸಂದಿಯಿಂದ ಎಳೆಯುವುದು, ಬಗ್ಗಿ ತಲೆ ಸವರುವುದು, ಕಣ್ಣಲ್ಲಿ ಕಣ್ಣಿಟ್ಟು ಕರೆಯುವುದು ಯಾವುದೂ ಬೇಡ. ಹೊತ್ತಿಗೆ ಸರಿಯಾಗಿ ಅನ್ನ ಇಟ್ಟು, ಒಂದು ಮಗ್ಗುಲಾಗಿ ಕೂತು ಅವರ ಪಾಡಿಗೆ ಪೇಪರ್ ಓದಲಿ. ಯಜಮಾನರು ಆಗಾಗ ಬೇಯಿಸಿದ ಮೊಟ್ಟೆಯ ಚೂರನ್ನು ದೂರದಿಂದ ಎಸೆದು, ತಿರುಗಿ ನೋಡದೆ ಹೋಗಲಿ. ಗಂಡಸರ ಭಯ ಹೋಗಬೇಕಾದರೆ ಆ ಮೊಟ್ಟೆ ಗಂಡಸಿನ ಕೈಯಿಂದಲೇ ಬರಬೇಕು. ಪೊರಕೆ ಹಿಡಿಯುವ ಮುಂಚೆ ನಾಯಿಯನ್ನು ಬೇರೆ ಕೋಣೆಗೆ ಕಳಿಸಿದರಾಯಿತು.

ಕೊಡುವ ಮೊದಲು ಅವರಿಬ್ಬರನ್ನೂ ಒಂದು ದಿನ ಊಟಕ್ಕೆ ಕರೆಯಿರಿ. ಊಟವಾದ ಮೇಲೆ ಬಚ್ಚಲುಮನೆಯಲ್ಲಿ ಸುಮ್ಮನೆ ಒಂದು ಗಂಟೆ ಕೂರುತ್ತಾರಾ ನೋಡಿ. ‘ಆಗಲಿಲ್ಲವೆಂದರೆ ರಸ್ತೆಗೆ ಬಿಡಬೇಡಿ, ನನಗೇ ಹೇಳಿ’ ಎಂದು ಒಂದು ಚೀಟಿಯಲ್ಲಿ ಬರೆದುಕೊಡಿ. ಬರೆದ ಮೇಲೆ ನಿಮಗೂ ಒಂದು ಜಾಗ ಗೊತ್ತಿರಬೇಕು: ನಾಯಿ ಹಿಂದೆ ಬಂದರೆ ಸ್ವಲ್ಪ ದಿನ ಇಟ್ಟುಕೊಳ್ಳುವವರು ನಿಮ್ಮೂರಲ್ಲಿ ಯಾರು? ಅದನ್ನು ಈಗಲೇ ಕೇಳಿಟ್ಟುಕೊಳ್ಳಿ.

ಹೋಗಿ ನೋಡುವ ವಿಷಯ. ಮೊದಮೊದಲು ಬೇಡ, ಎಷ್ಟೇ ಮನಸ್ಸಾದರೂ. ನಿಮ್ಮನ್ನು ಕಂಡರೆ ಅದು ನಿಮ್ಮ ಹಿಂದೆಯೇ ಹೊರಡುತ್ತದೆ, ನೀವು ಬಸ್ಸು ಹತ್ತಿದ ಮೇಲೆ ಅವರ ಪಾಡು ಮೊದಲಿನಿಂದ ಶುರು. ಅದು ಈಗ ಮಲಗುವ ಗೋಣಿ ಮತ್ತು ನಿಮ್ಮ ಒಂದು ಹಳೇ ಸೀರೆಯನ್ನು ಒಗೆಯದೆ ಜೊತೆಗೆ ಕಳಿಸಿ, ವಾರಕ್ಕೊಮ್ಮೆ ಫೋನ್ ಮಾಡಿ ವಿಚಾರಿಸಿ. ಯಜಮಾನರ ಕೈಯಿಂದ ತಿಂದಿತು ಎಂಬ ಸುದ್ದಿ ಬಂದ ಮೇಲೆ ಹೊರಡಿ.