ಸ್ನಾನ ಮಾಡುವಾಗ ಮಾತ್ರ ಮಗನಿಗೆ ಫಿಟ್ಸ್ ಬರುತ್ತಿದೆ, ಹಂದಿ ಮಾಂಸ ಕಾರಣವೇ?

ಮಗನಿಗೆ ಎಂಟು ವರ್ಷ, ಎರಡು ಸಲವೂ ಬಚ್ಚಲಲ್ಲೇ ಬಂತು, ಮನೆಯವರು ಪಂದಿ ಕರಿ (ಕೊಡಗಿನ ಹಂದಿ ಮಾಂಸದ ಅಡುಗೆ) ತಿಂದದ್ದಕ್ಕೇ ಅಂತಾರೆ ಎಂದು ಬರೆದಿದ್ದೀರಿ. ಓದಿದ ಕೂಡಲೇ ನಮ್ಮನೆ ಹಂಡೆ ನೆನಪಾಯಿತು.

ನಾನು ವಿರಾಜಪೇಟೆ ಕಡೆಯವನು. ಕಕ್ಕಡದ, ಅಂದರೆ ಕೊಡಗಿನ ಜುಲೈ-ಆಗಸ್ಟ್ ತಿಂಗಳ ಮಳೆ ನಿಮಗೂ ಗೊತ್ತಲ್ವಾ? ಅಮ್ಮ ಒಲೆಗೆ ಕಾಫಿ ಗಿಡದ ಸೌದೆ ತುರುಕಿ, ಹಬೆಯಾಡುವ ನೀರನ್ನು ಚೊಂಬು ಚೊಂಬಾಗಿ ನೆತ್ತಿಗೆ ಹೊಯ್ಯುತ್ತಿದ್ದರು. ಏಳನೆಯದೋ ಎಂಟನೆಯದೋ ಚೊಂಬಿಗೆ ನನ್ನ ಕಣ್ಣು ಗೋಡೆಯಲ್ಲೇ ನಿಂತುಬಿಡುತ್ತಿತ್ತು. ಅದಕ್ಕೂ ಮುಂಚೆ ಒಂಥರಾ ಹಿತ, ಇನ್ನೂ ಹೊಯ್ಯಲಿ ಅನ್ನಿಸುತ್ತಿತ್ತು. ಆಮೇಲಿನದು ನೆನಪಿಲ್ಲ. ಎಚ್ಚರವಾದಾಗ ಮುಷ್ಟಿಯಲ್ಲಿ ಉಗ್ರಾಣದ ಬೀಗದ ಕೈ ಇರುತ್ತಿತ್ತು. ಫಿಟ್ಸ್ ಸಾಮಾನ್ಯವಾಗಿ ಒಂದೆರಡು ನಿಮಿಷಕ್ಕೆ ತಾನಾಗೇ ನಿಲ್ಲುತ್ತೆ, ಹೆಸರು ಬೀಗದ ಕೈಗೆ!

ಡಾಕ್ಟರು ಮೊದಲು ಕೇಳಿದ್ದೇ, "ಬಿಸಿನೀರನ್ನ ತಲೆ ಮೇಲೆ ಸುರೀತೀರಾ?" ಅಂತ. ಇಇಜಿ (ಮೆದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ), ಮೆದುಳಿನ ಸ್ಕ್ಯಾನ್ ಎರಡರಲ್ಲೂ ಏನೂ ಸಿಗಲಿಲ್ಲ. ಇದಕ್ಕೆ ಹಾಟ್ ವಾಟರ್ ಎಪಿಲೆಪ್ಸಿ ಅಂತಾರೆ. ದಕ್ಷಿಣ ಭಾರತದಲ್ಲಿ, ಅದರಲ್ಲೂ ನಮ್ಮ ರಾಜ್ಯದಲ್ಲಿ ಇದು ಜಾಸ್ತಿ. ನಿಮ್ಹಾನ್ಸ್‌ನವರು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. 40ರಿಂದ 50 ಡಿಗ್ರಿ ಬಿಸಿಯ ನೀರು ಒಂದೇ ಸಮನೆ ತಲೆಗೆ ಬಿದ್ದಾಗ ಕೆಲವರ ಮೆದುಳು ಆ ತಾಪ ತಡೆಯೋದಿಲ್ಲ. ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಇರುತ್ತೆ. ನನ್ನ ಚಿಕ್ಕಪ್ಪನಿಗೂ ಇತ್ತಂತೆ, ಯಾರೂ ಬಾಯಿಬಿಟ್ಟಿರಲಿಲ್ಲ.

ಹಂದಿ ಮಾಂಸದ ಮಾತು ಪೂರ್ತಿ ಸುಳ್ಳಲ್ಲ, ಆದರೆ ತಿರುಚಿದ್ದು. ಸರಿಯಾಗಿ ಬೇಯದ ಮಾಂಸದಿಂದ ಲಾಡಿಹುಳ ಕರುಳಿಗೆ ಸೇರುತ್ತೆ. ಹುಳ ಇರುವವರ ಮಲದಲ್ಲಿ ಅದರ ಮೊಟ್ಟೆ ಹೋಗುತ್ತೆ. ಆ ಮೊಟ್ಟೆ ತೊಳೆಯದ ಕೈಯಿಂದಲೋ ಹಸಿ ತರಕಾರಿಯಿಂದಲೋ ಹೊಟ್ಟೆಗೆ ಹೋದರೆ ಮರಿಹುಳ ಮೆದುಳಿನಲ್ಲಿ ಗಂಟು ಕಟ್ಟಿ ಫಿಟ್ಸ್ ಬರಬಹುದು. ಮಾಂಸವನ್ನೇ ಮುಟ್ಟದವರಿಗೂ ಬರಬಹುದು. ಗಂಟಿದ್ದರೆ ಸಾಮಾನ್ಯವಾಗಿ ಸ್ಕ್ಯಾನ್‌ನಲ್ಲಿ ಕಾಣುತ್ತೆ. ಗಂಟೆಗಟ್ಟಲೆ ಬೆಂದ ಪಂದಿ ಕರಿಯನ್ನು ಸುಮ್ನೆ ದೂರಬೇಡಿ.

ಹಾಗಂತ ನನ್ನ ಮಾತು ನಂಬಿ ಕೂರಬೇಡಿ, ನರರೋಗ ತಜ್ಞರಿಗೆ ತೋರಿಸಿ. ಕೆಲವರಿಗೆ ಮುಂದೆ ಬಿಸಿನೀರಿಲ್ಲದೆಯೂ ಬರುವುದುಂಟು. ನನಗೆ ತಲೆಸ್ನಾನಕ್ಕೆ ಮುಂಚೆ ನುಂಗಲು ಮಾತ್ರೆ ಕೊಟ್ಟಿದ್ದರು. ತಜ್ಞರಿಗೆ ತೋರಿಸುವವರೆಗೆ ಉಗುರುಬೆಚ್ಚಗಿನ ನೀರು ಸಾಕು, ಬಚ್ಚಲಿಗೆ ಚಿಲಕ ಬೇಡ. ಬಂದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ.

ನನಗೆ ಈಗ ನಲವತ್ತೆರಡು. ಕೊನೆಯ ಸಲ ಫಿಟ್ಸ್ ಬಂದು ಇಪ್ಪತ್ತು ವರ್ಷವಾಯಿತು. ಕಕ್ಕಡದಲ್ಲಿ ಮಾತ್ರ ನಡುಗುತ್ತಾ ಸ್ನಾನ ಮಾಡುತ್ತೇನೆ.