ಕಳಸುಬಾಯಿ ಹತ್ತೋಕೆ ನನ್ನಿಂದ ಆಗುತ್ತಾ? ಗುಂಪಿಗೆ ಹೊರೆ ಆಗ್ತೀನಾ?

ಠಾಣೆಯಲ್ಲಿದ್ದೀರಿ, ವಯಸ್ಸು 46, ಬೆಟ್ಟ ಹತ್ತಿ ಅಭ್ಯಾಸವಿಲ್ಲ. ಡಿಸೆಂಬರಿನ ಒಂದು ಭಾನುವಾರ ನಿಮ್ಮ ಕನ್ನಡ ಬಳಗದ ಇಪ್ಪತ್ತೈದು ಜನ ಕಳಸುಬಾಯಿ ಬೆಟ್ಟಕ್ಕೆ ಹೊರಟಿದ್ದಾರೆ. ಹಿಂದೆ ಬಿದ್ದು ಎಲ್ಲರಿಗೂ ತೊಂದರೆ ಕೊಡ್ತೀನೇನೋ, ಬರಲ್ಲ ಅಂತ ಹೇಳಿಬಿಡ್ಲಾ ಅಂತ ಕೇಳಿದ್ದೀರಿ.

ಖಂಡಿತ ಹೋಗಿ. ಹೃದಯ, ಬಿಪಿ, ಮೊಣಕಾಲಿನ ತೊಂದರೆ ಇದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ.

ನಾನು ಡೊಂಬಿವಲಿಯವನು. ಇಲ್ಲಿನ ಕನ್ನಡದ ಗೆಳೆಯರ ಜೊತೆ ವರ್ಷಗಳಿಂದ ಸಹ್ಯಾದ್ರಿ ಸುತ್ತುತ್ತಿದ್ದೇನೆ. ಕಳಸುಬಾಯಿ ಮಹಾರಾಷ್ಟ್ರದ ಅತಿ ಎತ್ತರದ ಶಿಖರ, 1,646 ಮೀಟರ್. ಎತ್ತರ ಕೇಳಿ ಹೆದರಬೇಡಿ. ನಮ್ಮ ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ, ಆದರೆ ಅಲ್ಲಿ ತುದಿಯ ಹತ್ತಿರದವರೆಗೆ ಗಾಡಿ ಹೋಗುತ್ತದೆ. ಇಲ್ಲಿ ತಪ್ಪಲಿನ ಬಾರಿ ಅನ್ನುವ ಊರಿನಿಂದ ಪೂರ್ತಿ ಕಾಲ ಮೇಲೆಯೇ ಹೋಗಬೇಕು. ಹಾಗಂತ ಕುಕ್ಕೆಯಿಂದ ಕುಮಾರ ಪರ್ವತ ಹತ್ತುವಷ್ಟು ಉದ್ದದ ದಾರಿಯೂ ಅಲ್ಲ. ಸಾಮಾನ್ಯ ನಡಿಗೆಯಲ್ಲಿ ಹತ್ತೋಕೆ ಮೂರರಿಂದ ನಾಲ್ಕು ಗಂಟೆ ಬೇಕು. ಏರು ಸುಮಾರು 800 ಮೀಟರ್. ಒಂದು ಮಹಡಿಗೆ 3 ಮೀಟರ್ ಅಂತ ಹಿಡಿದರೆ 260 ಮಹಡಿಗೂ ಜಾಸ್ತಿ ಆಯ್ತು. ಒಮ್ಮೆಲೇ ಯಾರೂ ಹತ್ತಲ್ಲ, ಕೂತು ಕೂತು ಹತ್ತುತ್ತಾರೆ. ನೀವೂ ಹಾಗೇ ಮಾಡಿ.

ಇನ್ನೂ ಸಮಯ ಇದೆಯಲ್ಲ, ಈಗಿನಿಂದಲೇ ಬಿಲ್ಡಿಂಗಿನ ಲಿಫ್ಟ್ ಬಿಡಿ. ಹತ್ತುವಷ್ಟೇ ಇಳಿಯುವುದನ್ನೂ ಅಭ್ಯಾಸ ಮಾಡಿ. ಮೇಲೆ ಹೋಗುವಾಗ ಉಸಿರಿಗೆ ಕಷ್ಟ, ಇಳಿಯುವಾಗ ತೊಡೆ, ಮಂಡಿಗೆ ಕಷ್ಟ. ಹೊಸಬರು ಸುಸ್ತಾಗಿ ಜಾರುವುದು ಇಳಿಯುವಾಗಲೇ. ಒಂದು ಭಾನುವಾರ ಬೊರಿವಲಿಯ ನ್ಯಾಷನಲ್ ಪಾರ್ಕ್ ಗೇಟಿನಿಂದ ಕಾನ್ಹೇರಿ ಗುಹೆಗಳವರೆಗೆ ನಡೆದು ವಾಪಸ್ ಬನ್ನಿ. ಅದಾದರೆ ನಿಮಗೇ ಧೈರ್ಯ ಬರುತ್ತದೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರ್ತೀನಿ. ನಿಧಾನಕ್ಕೆ ನಡೆಯುವವರು ಗುಂಪಿಗೆ ಹೊರೆ ಅನ್ನುವ ಮಾತನ್ನು ನಾನು ಒಪ್ಪಲ್ಲ. ಗುಂಪು ಕಟ್ಟಿಕೊಂಡು ಹೋದ ಮೇಲೆ ಎಲ್ಲರಿಗಿಂತ ಹಿಂದಿರುವವರ ವೇಗವೇ ಗುಂಪಿನ ವೇಗ. ಇದನ್ನು ಒಪ್ಪದ ಗುಂಪಿನ ಜೊತೆ ಹೋಗಲೇಬಾರದು. ಆದ್ದರಿಂದ ಕರೆದುಕೊಂಡು ಹೋಗುವವರನ್ನು ಸಂಕೋಚ ಪಡದೆ ಕೇಳಿ: ಕೊನೆಯಲ್ಲಿ ಯಾರು ಬರ್ತಾರೆ? ಟ್ರೆಕ್ಕಿಂಗ್ ಮಾಡುವವರು ಅವರನ್ನು ಸ್ವೀಪ್ ಅಂತಾರೆ. ದಾರಿ ಗೊತ್ತಿರುವ, ತಾಳ್ಮೆ ಇರುವ ಒಬ್ಬರು ಎಲ್ಲರ ಹಿಂದೆ ಇರಬೇಕು, ಅವರ ಹಿಂದೆ ನಮ್ಮವರು ಯಾರೂ ಇರಕೂಡದು. ಮುಂದಿನವರು ದಾರಿಯಲ್ಲಿ ಬರುವ ಕಬ್ಬಿಣದ ಏಣಿಗಳ ಹತ್ತಿರ, ಕವಲು ದಾರಿಗಳ ಹತ್ತಿರ ನಿಂತು ತಲೆ ಎಣಿಸಬೇಕು. ಮತ್ತೊಂದು ಮಾತು. ಮುಂದೆ ಹೋದವರು ಕೂತು ದಣಿವಾರಿಸಿಕೊಂಡು, ಹಿಂದಿನವರು ಏದುಸಿರು ಬಿಡುತ್ತಾ ಬಂದ ಕೂಡಲೇ ಎದ್ದು ಹೊರಡುತ್ತಾರೆ. ಇದು ಬಹಳ ಗುಂಪುಗಳಲ್ಲಿ ನಡೆಯುತ್ತೆ, ನನಗೆ ಬೇಸರ ತರಿಸುತ್ತೆ. ವಿಶ್ರಾಂತಿ ಎಲ್ಲಕ್ಕಿಂತ ಜಾಸ್ತಿ ಬೇಕಾದವರಿಗೇ ಅದು ಸಿಗದ ಹಾಗಾಗುತ್ತೆ, ಅಲ್ವಾ?

ವಾಪಸ್ ತಿರುಗುವ ಹೊತ್ತನ್ನೂ ಕೆಳಗೇ ನಿಗದಿ ಮಾಡಿಕೊಳ್ಳಬೇಕು. ಬೆಳಿಗ್ಗೆ ಆರಕ್ಕೆ ಬಾರಿಯಿಂದ ಹೊರಟರೆ, ಹನ್ನೆರಡಕ್ಕೆ ಎಲ್ಲಿದ್ದರೂ ತಿರುಗುವುದು ಅಂತ ಇರಲಿ. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಒಮ್ಮೆ ಜುಲೈ ತಿಂಗಳ ಭಾನುವಾರ ನಮ್ಮ ಗುಂಪು ಏಣಿಯ ಕೆಳಗೆ ಮಳೆಯಲ್ಲಿ ನಿಂತಿತ್ತು. ಹತ್ತುವವರ ಸಾಲು ಒಂದು ಕಡೆ, ಇಳಿಯುವವರು ಇನ್ನೊಂದು ಕಡೆ, ಯಾವುದೂ ಮುಂದೆ ಹೋಗಲ್ಲ. ಒದ್ದೆ ಕಬ್ಬಿಣ, ಮಂಜು, ನೂಕಾಟ. ನಾವು ತಿರುಗಿ ಬಂದೆವು. ಕೆಲವರು ಮುನಿಸಿಕೊಂಡರು. ಇವತ್ತಿಗೂ ಅದೇ ಸರಿ ಅಂತೀನಿ. ನಿಮ್ಮವರು ಡಿಸೆಂಬರ್ ಆರಿಸಿದ್ದು ಒಳ್ಳೆಯದಾಯ್ತು.

ಏಣಿಗಳ ಬಗ್ಗೆಯೂ ಹೇಳಿಬಿಡ್ತೀನಿ. ಕಡಿದಾದ ಬಂಡೆಗಳಿರುವ ಕಡೆ ಕಬ್ಬಿಣದ ಏಣಿ ಹಾಕಿದ್ದಾರೆ, ಹಿಡಿಕೆಯೂ ಇದೆ. ಎರಡೂ ಕೈ ಖಾಲಿ ಇರಲಿ. ಮೊಬೈಲು ಬ್ಯಾಗಿನೊಳಗೆ ಹೋಗಲಿ. ಕೆಳಗೆ ನೋಡಿದರೆ ತಲೆ ಸುತ್ತುತ್ತೆ ಅನ್ನುವುದಾದರೆ ಮುಂದಿನ ಮೆಟ್ಟಿಲನ್ನಷ್ಟೇ ನೋಡಿ. ಇಳಿಯುವಾಗ ಏಣಿಯ ಕಡೆ ಮುಖ ಮಾಡಿ ಇಳಿಯಿರಿ. ಗುಡುಗು ಮಿಂಚು ಶುರುವಾದರೆ ಏಣಿಯ ಹತ್ತಿರ ಹೋಗಲೇಬೇಡಿ.

ಮೇಲೆ ಕಳಸುಬಾಯಿ ದೇವಿಯ ಪುಟ್ಟ ಗುಡಿ ಇದೆ. ಕಳಸು ಅನ್ನುವ ಹುಡುಗಿ ಒಂದು ಮನೆಯಲ್ಲಿ ಕೆಲಸಕ್ಕಿದ್ದಳಂತೆ. ಪಾತ್ರೆ ತೊಳೆಯಲ್ಲ, ಕಸ ಗುಡಿಸಲ್ಲ ಅಂತ ಮೊದಲೇ ಹೇಳಿದ್ದಳಂತೆ. ಮಾತು ಮುರಿದು ಅದನ್ನೇ ಮಾಡಿಸಿದಾಗ ಮನೆ ಬಿಟ್ಟು ಬೆಟ್ಟ ಹತ್ತಿ ನೆಲೆಸಿದಳು ಅಂತ ಊರವರ ಕತೆ. ನವರಾತ್ರಿಯಲ್ಲಿ ಜಾತ್ರೆ ನಡೆಯುತ್ತೆ. ಸುತ್ತಲಿನ ಹಳ್ಳಿಗಳ ವಯಸ್ಸಾದ ಹೆಂಗಸರೂ ಹತ್ತಿ ಬರ್ತಾರೆ. ಗಾಳಿ ತಿಳಿಯಾಗಿದ್ದರೆ ಅಲಂಗ್, ಮದನ್, ಕುಲಂಗ್ ಕೋಟೆಗಳು, ಭಂಡಾರದರಾ ಅಣೆಕಟ್ಟಿನ ನೀರು ಎಲ್ಲ ಕಾಣುತ್ತೆ. ಗಾಳಿ ಜೋರು, ಬೆವರಿದ ಮೈಗೆ ತಣ್ಣಗೆ ಹೊಡೆಯುತ್ತೆ. ತೆಳು ಜಾಕೆಟ್ ಇಟ್ಟುಕೊಳ್ಳಿ.

ನೀರು ಮೂರು ಲೀಟರ್, ಒಳ್ಳೆ ಹಿಡಿತವಿರುವ ಶೂ, ತಲೆಗೆ ಟೋಪಿ, ಒಂದು ಟಾರ್ಚ್. ಹೊಸ ಶೂ ಅವತ್ತೇ ಹಾಕಬೇಡಿ. ತಿನ್ನೋಕೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ ಸಾಕು, ಕೆಡಲ್ಲ. ದಾರಿಯಲ್ಲಿ ಊರವರ ಅಂಗಡಿಗಳಲ್ಲಿ ನಿಂಬೆ ಶರಬತ್ತು ಸಿಗುತ್ತೆ, ಅವರಿಂದಲೇ ಕೊಳ್ಳಿ. ಖಾಲಿ ಬಾಟಲಿ ಕೆಳಗೆ ತನ್ನಿ.

ಗುಂಪು ಲೋಕಲ್‌ನಲ್ಲಿ ಹೋಗುವುದಾದರೆ ಕಸಾರಾದಲ್ಲಿ ಇಳಿದು, ಘೋಟಿ ಮೇಲಿಂದ ಬಾರಿಗೆ ಜೀಪು ಹಿಡಿಯಬೇಕು. ಜೀಪನ್ನೂ, ಇಳಿದು ಬಂದ ಮೇಲಿನ ಪಿಠ್ಲ-ಭಾಕ್ರಿ (ಕಡಲೆಹಿಟ್ಟಿನ ಗೊಜ್ಜು, ರೊಟ್ಟಿ) ಊಟವನ್ನೂ ಮೊದಲೇ ಹೇಳಿಟ್ಟಿದ್ದಾರಾ ಅಂತ ವಿಚಾರಿಸಿ. ಹಿಂದಿನ ರಾತ್ರಿ ರೈಲಿನಲ್ಲಿ ಹರಟುತ್ತಾ ಕೂರಬೇಡಿ, ಒಂದೆರಡು ಗಂಟೆಯಾದರೂ ನಿದ್ದೆ ಮಾಡಿ.